ಬಡವರ ಮಕ್ಕಳ ಉನ್ನತ ವಿದ್ಯಾಭ್ಯಾಸವೂ ಪ್ರಸಾದನಿಲಯಗಳ ಪೂರ್ವೋತ್ತರವೂ

ಅರಸೀಕೆರೆಯ ಬಳಿಯ ಮಾಲೇಕಲ್ಲು ಬೆಟ್ಟದಲ್ಲಿ ಆಷಾಢಮಾಸದ ತೇರು ನಡೆಯುವ ಹೊತ್ತಿಗೆ ಈ ಸೀಮೆಯ ರೈತರು ರಾಗಿಯ ಬಿತ್ತನೆಯ ಗಡಿಬಿಡಿಯಲ್ಲಿರುವರು. ಹಿಂದಿನ ವರ್ಷದ ಧಾನ್ಯವು ಕಣಜದ ತಳ ಮುಟ್ಟಿರುವುದು. ಹೊಸ ಬೆಳೆಯು ಇನ್ನೂ ಮಣ್ಣಿನಲ್ಲಿಯೇ ಇರುವುದು. ಅದೇ ವಾರಗಳಲ್ಲಿ ಕಾಲೇಜುಗಳ ಬಾಗಿಲೂ ತೆರೆಯುವುದು. ಮಗನೋ ಮಗಳೋ ಪರೀಕ್ಷೆಯಲ್ಲಿ ತೇರ್ಗಡೆಯಾದ ಸುದ್ದಿಯನ್ನು ಕೇಳಿ ಹಿಗ್ಗಿದ ತಂದೆತಾಯಿಗಳು ಆ ಹಿಗ್ಗು ಇಳಿಯುವ ಮುನ್ನವೇ, ಮುಂದಕ್ಕೆ ಓದಿಸುವುದು ಹೇಗೆಂಬ ಚಿಂತೆಗೆ ಒಳಗಾಗುವರು. ಶ್ರೀಮಠಕ್ಕೆ ಬರತಕ್ಕ ಭಕ್ತಾದಿಗಳು ಪ್ರತಿವರ್ಷವೂ ಈ ಕಾಲದಲ್ಲಿ ಕೇಳುವ ಪ್ರಶ್ನೆಗಳಲ್ಲಿ ಇದಕ್ಕಿಂತ ಹೆಚ್ಚಾದುದು ಮತ್ತೊಂದಿಲ್ಲವೆಂದರೆ ಅತಿಶಯೋಕ್ತಿಯಾಗಲಾರದು.

ಪ್ರಶ್ನೆಯು ಇಂದಿನದಲ್ಲ. ನಮ್ಮ ನಾಡಿನಲ್ಲಿ ಬಡವರ ಮಕ್ಕಳು ಉನ್ನತ ವಿದ್ಯೆಯನ್ನು ಪಡೆದ ಬಗೆಯನ್ನು ಶಾಸನಗಳ ಕಾಲದಿಂದ ಪರಿಶೀಲಿಸಿಕೊಂಡು ಬಂದರೆ ಒಂದು ಸಂಗತಿಯು ಸ್ಪಷ್ಟವಾಗಿ ಕಾಣಬರುವುದು. ವಿದ್ಯೆಗೆ ಅಡ್ಡಿಯಾದುದು ಪಾಠದ ಶುಲ್ಕವೆಂದು ನಾವೆಲ್ಲರೂ ಭಾವಿಸಿಕೊಂಡಿದ್ದೇವೆ. ಶುಲ್ಕವೂ ಅಡ್ಡಿಯೇ ಸರಿ. ಆದರೆ ಅದಕ್ಕಿಂತ ದೊಡ್ಡ ಅಡ್ಡಿಯು ಪರಊರಿನಲ್ಲಿ ಎರಡು ಹೊತ್ತಿನ ಅನ್ನವೂ ತಲೆಯ ಮೇಲೊಂದು ಸೂರೂ ಆಗಿತ್ತು. ಈ ಅಡ್ಡಿಯನ್ನು ಅರಿತು ನಿವಾರಿಸಿದವರಿಂದಲೇ ಬಡವರ ಮಕ್ಕಳು ಕಾಲೇಜಿನ ಮೆಟ್ಟಿಲು ಹತ್ತಿದರು. ಆ ಚರಿತ್ರೆಯನ್ನು ತಿಳಿದುಕೊಳ್ಳುವುದರಿಂದ ಈಗ ಮಕ್ಕಳನ್ನು ಓದಿಸಲು ಹೊರಟವರಿಗೂ ಪ್ರಯೋಜನವುಂಟೆಂದು ನನ್ನ ಅಭಿಪ್ರಾಯವಾದುದರಿಂದ ಈ ಲೇಖನಕ್ಕೆ ಕೈಹಾಕಿರುವೆನು.

ಮೊದಲು ಶಾಸನಗಳನ್ನು ನೋಡೋಣ. ಕನ್ನಡದ ಅತ್ಯಂತ ಪ್ರಾಚೀನ ಶಾಸನಗಳಲ್ಲೊಂದೆಂದು ಪ್ರಸಿದ್ಧವಾದ ಹಲ್ಮಿಡಿಯ ಕಲ್ಲು ದೊರೆತುದು ನಮ್ಮ ಬೇಲೂರು ತಾಲ್ಲೂಕಿನಲ್ಲಿಯೇ ಎಂಬುದು ಈ ಭಾಗದವರಿಗೆ ಹೆಮ್ಮೆಯ ಮಾತು. ಆದರೆ ವಿದ್ಯಾರ್ಥಿಗಳ ಊಟವಸತಿಗಳ ವಿಷಯವನ್ನು ಕಲ್ಲಿನ ಮೇಲೆ ವಿವರವಾಗಿ ಬರೆಯಿಸಿದ ಕೀರ್ತಿಯು ಬಡಗಣ ಸೀಮೆಗೆ ಸಲ್ಲತಕ್ಕದ್ದು. ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ ಕ್ರಿ.ಶ. 945ರ ಒಂದು ಶಾಸನವಿರುವುದು. ರಾಷ್ಟ್ರಕೂಟರ ಮೂರನೆಯ ಕೃಷ್ಣನ ಮಂತ್ರಿಯಾದ ನಾರಾಯಣನೆಂಬವನು ಅಲ್ಲಿ ಒಂದು ವಿದ್ಯಾಶಾಲೆಯನ್ನು ಕಟ್ಟಿಸಿದನು. ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳ ವಾಸಕ್ಕಾಗಿ 27 ಮನೆಗಳಿದ್ದುವು. ದೀಪದ ಖರ್ಚಿಗೆಂದೇ 12 ನಿವರ್ತನ ಭೂಮಿಯೂ ಉಪಾಧ್ಯಾಯನಿಗೆ 50 ನಿವರ್ತನ ಭೂಮಿಯೂ ಪ್ರತ್ಯೇಕವಾಗಿ ಬಿಡಲ್ಪಟ್ಟಿದ್ದುವು. ಇದಕ್ಕಿಂತಲೂ ಗಮನಿಸತಕ್ಕ ಸಂಗತಿಯೊಂದಿದೆ. ಊರಿನ ಬ್ರಾಹ್ಮಣ ಮನೆತನಗಳು ಮದುವೆಯ ಕಾಲದಲ್ಲಿ ಐದು ನಾಣ್ಯಗಳನ್ನೂ, ಉಪನಯನಕ್ಕೆ ಅದರ ಅರ್ಧವನ್ನೂ, ಚೌಲಕ್ಕೆ ಆ ಅರ್ಧದಲ್ಲಿ ಅರ್ಧವನ್ನೂ ಶಾಲೆಗೆ ಸಲ್ಲಿಸಬೇಕೆಂದು ಕಟ್ಟಳೆಯಾಗಿತ್ತು. ದೊರೆಯ ದಾನವೊಂದನ್ನೇ ನಂಬದೆ, ಮನೆಮನೆಯ ಶುಭಕಾರ್ಯದಿಂದಲೂ ವಿದ್ಯಾರ್ಥಿಗೆ ಒಂದು ಪಾಲು ಬರುವಂತೆ ಮಾಡಿದ ಈ ಏರ್ಪಾಡನ್ನು ಓದಿದಾಗಲೆಲ್ಲ ನನಗೆ ಆಶ್ಚರ್ಯವೆನಿಸುವುದು. ಭೂಮಿಯ ಹುಟ್ಟುವಳಿಯು ಮಳೆಯನ್ನು ಅವಲಂಬಿಸಿರುವುದು. ಮದುವೆಗಳು ಬರಗಾಲದಲ್ಲಿಯೂ ಪೂರ್ತಿಯಾಗಿ ನಿಲ್ಲುವುದಿಲ್ಲ.

ಕಲಬುರಗಿ ಜಿಲ್ಲೆಯ ಚಿತ್ತಾಪುರದ ಬಳಿಯ ನಾಗಾವಿಯಲ್ಲಿ 1058ರ ಶಾಸನವೊಂದು ಅಲ್ಲಿಯ ಘಟಿಕಾಸ್ಥಾನವನ್ನು ವರ್ಣಿಸುವುದು. ಅಲ್ಲಿ ಗ್ರಂಥಭಂಡಾರವನ್ನು ನೋಡಿಕೊಳ್ಳಲು ಆರು ಮಂದಿ ಸರಸ್ವತೀ ಭಂಡಾರಿಗರಿದ್ದರು. ಇದು ವಿದ್ಯೆಯ ವೈಭವಕ್ಕೆ ನಿದರ್ಶನ. ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರವಾದುದು ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆಯ ಕೋಡಿಯ ಮಠ. ಕಾಳಾಮುಖ ಶೈವರದಾದ ಆ ಮಠವನ್ನು ಕುರಿತ 1162ರ ಶಾಸನವು ಬಿಜ್ಜಳನ ಕಾಲದ್ದು. ಎಂದರೆ ಅಣ್ಣನವರು ಕಲ್ಯಾಣದಲ್ಲಿದ್ದ ದಿನಗಳದ್ದು. ನಾಲ್ಕು ವೇದಗಳು, ವ್ಯಾಕರಣಗಳು, ಷಡ್ದರ್ಶನಗಳು, ಯೋಗಶಾಸ್ತ್ರ, ಪುರಾಣ, ಕಾವ್ಯ, ನಾಟಕ ಇವೆಲ್ಲಕ್ಕೂ ಆ ಮಠವು ಸ್ಥಾನವಾಗಿತ್ತೆಂದು ಹೇಳಿ, ಅದೇ ಉಸಿರಿನಲ್ಲಿ ದೀನರಿಗೂ ಅನಾಥರಿಗೂ ಕುಂಟರಿಗೂ ಕುರುಡರಿಗೂ ಕಿವುಡರಿಗೂ ಅನ್ನವನ್ನಿಕ್ಕುವ ಸ್ಥಾನವೆಂದೂ, ರೋಗಿಗಳಿಗೆ ಔಷಧವನ್ನು ಕೊಡುವ ಸ್ಥಾನವೆಂದೂ ಆ ಶಾಸನವು ಸಾರುವುದು. ಪಾಠದ ಮನೆಯೂ ಅನ್ನದ ಮನೆಯೂ ಒಂದೇ ಆವರಣದೊಳಗೆ ಇದ್ದುದನ್ನು ಇಲ್ಲಿ ಲಕ್ಷ್ಯದಲ್ಲಿಡಬೇಕು. (ನಮ್ಮ ಹಾರನಹಳ್ಳಿಯಲ್ಲಿಯೂ ಕೋಡಿಮಠವೆಂಬ ಪ್ರಸಿದ್ಧ ಮಠವಿರುವುದು. ಹೆಸರಿನ ಸಾಮ್ಯವನ್ನು ನೋಡಿ ಕೆಲವರು ಎರಡನ್ನೂ ಬೆಸೆಯುವುದುಂಟು. ನಾನು ಆ ಸಾಹಸಕ್ಕೆ ಹೋಗುವುದಿಲ್ಲ.)

ಈ ಪ್ರಾಚೀನ ವೈಭವವನ್ನು ಹೇಳುವಾಗ ಸತ್ಯವನ್ನು ಮರೆಮಾಚಬಾರದು. ಸಾಲೋಟಗಿಯ 27 ಮನೆಗಳಲ್ಲಿ ಒಕ್ಕಲಿಗನ ಮಗನಿಗೆ ಎಡೆಯಿರಲಿಲ್ಲ. ಹೊಯ್ಸಳರ ಕಾಲದಲ್ಲಿ ನಮ್ಮ ಸೀಮೆಯ ತುಂಬ ಅಗ್ರಹಾರಗಳಿದ್ದುವು. ಬೇಲೂರು, ಹಳೇಬೀಡುಗಳ ದೇವಾಲಯಗಳನ್ನೂ, ಅರಸೀಕೆರೆಯ ಶಿವಾಲಯವನ್ನೂ, 1234ರಲ್ಲಿ ಹಾರನಹಳ್ಳಿಯಲ್ಲಿ ಎದ್ದ ಗುಡಿಗಳನ್ನೂ ಕಟ್ಟಿದ ಕೈಗಳ ಮಕ್ಕಳು ಆ ಅಗ್ರಹಾರಗಳ ಪಾಠವನ್ನು ಕೇಳಲಿಲ್ಲ. ಶಿಲ್ಪಿಯ ಮಗನಿಗೆ ತಂದೆಯ ಉಳಿಯೇ ಪಾಠಶಾಲೆಯಾಗಿತ್ತು. ಹನ್ನೆರಡನೆಯ ಶತಮಾನದ ಶರಣರು ಅಂಬಿಗನಿಗೂ ಮಾದಾರನಿಗೂ ಮಡಿವಾಳನಿಗೂ ಅಕ್ಷರದ ಬಾಗಿಲನ್ನು ತೆರೆದು, ಅನುಭಾವವನ್ನು ತಾಯ್ನುಡಿಯಲ್ಲಿ ಬರೆಯಲು ಧೈರ್ಯ ಕೊಟ್ಟುದೇ ಈ ವಿಷಯದಲ್ಲಿ ಮೊದಲ ತಿರುವು. ದಾಸೋಹವೆಂಬ ಮಾತು ಅಂದಿನಿಂದ ಮಠಗಳ ಅಡಿಗೆಮನೆಯಲ್ಲಿ ನೆಲೆಸಿತು. ಆದರೂ ಆ ದಾಸೋಹವು ಕಾಲೇಜಿನ ವಿದ್ಯಾರ್ಥಿಯ ಬಳಿಗೆ ಬಂದು ಮುಟ್ಟಲು ಏಳುನೂರು ವರ್ಷಗಳಿಗೂ ಮೇಲೆ ಹಿಡಿಯಿತು.

ನಡುವಣ ಕಾಲದಲ್ಲಿ ಊರೂರುಗಳಲ್ಲಿ ಅಯ್ಯಗಳ ಮಠಗಳೂ ಕೂಲಿಮಠಗಳೂ ಇದ್ದುವು. ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿ, ಮಗ್ಗಿ ಬಾಯಿಪಾಠ ಮಾಡಿ, ಲೆಕ್ಕಪತ್ರ ಬರೆಯುವಷ್ಟು ಕಲಿತರೆ ವಿದ್ಯೆ ಮುಗಿಯಿತು. ಅಯ್ಯಗಳಿಗೆ ಸುಗ್ಗಿಯಲ್ಲಿ ಧಾನ್ಯ, ಹಬ್ಬದಲ್ಲಿ ಎಲೆಯಡಿಕೆ. ಹುಡುಗನು ಮನೆಯಲ್ಲಿಯೇ ಉಂಡು ಮನೆಯಲ್ಲಿಯೇ ಮಲಗುತ್ತಿದ್ದುದರಿಂದ ಖರ್ಚೆಂಬುದು ಹೆಚ್ಚಿರಲಿಲ್ಲ. ಸಂಸ್ಕೃತದ ಉಚ್ಚ ವ್ಯಾಸಂಗಕ್ಕೆ ಪರಸ್ಥಳಕ್ಕೆ ಹೋದವರಿಗೆ ವಾರಾನ್ನವೇ ಗತಿಯಾಗಿತ್ತು. ವಾರಾನ್ನವೆಂದರೆ ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಹೀಗೆ ಏಳು ಮನೆಗಳನ್ನು ಗೊತ್ತುಮಾಡಿಕೊಂಡು ಉಣ್ಣುವುದು. ಆರು ಮನೆಗಳು ದೊರೆತು ಏಳನೆಯದು ದೊರೆಯದಿದ್ದರೆ ಆ ಒಂದು ದಿನ ಉಪವಾಸ. ಮನೆಯ ಯಜಮಾನಿಯ ಮುಖವು ಹೇಗಿದೆಯೋ ನೋಡಿಕೊಂಡು ಎಲೆಯ ಮುಂದೆ ಕೂರಬೇಕು. ಇದನ್ನು ಹಳೆಯ ಕಾಲದ ಉದಾರತೆಯೆಂದು ಹೊಗಳುವವರಿದ್ದಾರೆ. ಅನ್ನವಿಕ್ಕಿದ ತಾಯಂದಿರ ಉದಾರತೆಯಲ್ಲಿ ನನಗೆ ಸಂದೇಹವಿಲ್ಲ. ಆದರೆ ಹದಿನಾಲ್ಕು ವರ್ಷದ ಹುಡುಗನು ವಾರಕ್ಕೆ ಏಳು ಹೊಸಿಲುಗಳಲ್ಲಿ ತಲೆತಗ್ಗಿಸಿ ನಿಲ್ಲಬೇಕಾಗಿದ್ದುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಇಂಗ್ಲಿಷ್ ವಿದ್ಯಾಭ್ಯಾಸವು ಬಂದ ಮೇಲೆ ಈ ಕಷ್ಟವು ಹತ್ತರಷ್ಟಾಯಿತು. ಮೈಸೂರು ಸಂಸ್ಥಾನದಲ್ಲಿ ಉನ್ನತ ವಿದ್ಯೆಯೆಂದರೆ ಬೆಂಗಳೂರಿನ ಸೆಂಟ್ರಲ್ ಕಾಲೇಜು, ಇಲ್ಲವಾದರೆ ಮೈಸೂರಿನ ಮಹಾರಾಜಾ ಕಾಲೇಜು. ಮೊದಲಿನದು 1858ರಲ್ಲಿ ಪ್ರೌಢಶಾಲೆಯಾಗಿ ಆರಂಭವಾಗಿ ಮುಂದೆ ಕಾಲೇಜಾಯಿತು. ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪನೆಯಾದುದು 1916ರಲ್ಲಿ. ಅತ್ತ ಧಾರವಾಡದಲ್ಲಿ ಕರ್ನಾಟಕ ಕಾಲೇಜು ತೆರೆದುದು 1917ರಲ್ಲಿ. ಅಲ್ಲಿಯವರೆಗೆ ಆ ಕಡೆಯ ಹುಡುಗರು ಪುಣೆಗೋ ಮುಂಬಯಿಗೋ ಹೋಗಬೇಕಾಗಿತ್ತು. ನಮ್ಮ ಅರಸೀಕೆರೆಗೆ ರೈಲು ಬಂದು, ಮೈಸೂರು ಹಾಸನಗಳ ಮಾರ್ಗವೂ ಇಲ್ಲಿಯೇ ಕೂಡಿ ಜಂಕ್ಷನ್ನಾದ ಮೇಲೆ, ಎರಡು ಕಾಲೇಜುಗಳಿಗೂ ಇಲ್ಲಿಂದ ದಾರಿಯೇನೋ ಸುಗಮವಾಯಿತು. ರೈಲು ಹುಡುಗನನ್ನು ಊರಿಗೆ ಮುಟ್ಟಿಸುವುದು. ಮುಟ್ಟಿದ ಮೇಲೆ ಅವನು ಎಲ್ಲಿ ಉಣ್ಣಬೇಕು?

ಸರ್ ಎಂ. ವಿಶ್ವೇಶ್ವರಯ್ಯನವರ ವಿದ್ಯಾರ್ಥಿದೆಶೆಯನ್ನು ಇಲ್ಲಿ ಸ್ಮರಿಸಬಹುದು. ತಂದೆಯನ್ನು ಎಳೆಯ ವಯಸ್ಸಿನಲ್ಲಿಯೇ ಕಳೆದುಕೊಂಡ ಅವರು ಬೆಂಗಳೂರಿನಲ್ಲಿ ಕೊಡಗಿನವರ ಮನೆಯೊಂದರಲ್ಲಿ ಮಕ್ಕಳಿಗೆ ಪಾಠ ಹೇಳಿಕೊಟ್ಟು, ಅದರಿಂದ ಬಂದ ಆಧಾರದ ಮೇಲೆ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಆದರು. ಆ ಬಳಿಕ ಮೈಸೂರು ಸರ್ಕಾರದ ವಿದ್ಯಾರ್ಥಿವೇತನದ ಬಲದಿಂದ ಪುಣೆಗೆ ಹೋಗಿ ಇಂಜಿನಿಯರಿಂಗ್ ವ್ಯಾಸಂಗವನ್ನು ಮುಗಿಸಿದರು. ಅವರ ಬುದ್ಧಿಶಕ್ತಿಯು ಅಸಾಧಾರಣವೆಂಬುದನ್ನು ಎಲ್ಲರೂ ಹೇಳುವರು. ಆದರೆ ಬೆಂಗಳೂರಿನ ಆ ಒಂದು ಮನೆಯ ಆಶ್ರಯವು ಇಲ್ಲದಿದ್ದಲ್ಲಿ ಆ ಬುದ್ಧಿಶಕ್ತಿಯು ಎಲ್ಲಿ ನಿಲ್ಲುತ್ತಿತ್ತೆಂಬುದನ್ನು ಹೆಚ್ಚು ಮಂದಿ ಯೋಚಿಸುವುದಿಲ್ಲ.

ಸಮಾಜದ ಮುಂದಾಳುಗಳು ಮೊದಲು ಕೈಗೊಂಡುದು ನಿಧಿಗಳನ್ನು ಕೂಡಿಸುವ ಕಾರ್ಯವನ್ನು. 1883ರಲ್ಲಿ ಧಾರವಾಡದಲ್ಲಿ ಗಿಲಗಂಚಿ ಗುರುಸಿದ್ಧಪ್ಪನವರೂ ಅರಟಾಳ ರುದ್ರಗೌಡರೂ ಸೇರಿ ಲಿಂಗಾಯತ ವಿದ್ಯಾರ್ಥಿಗಳಿಗೆ ಸಹಾಯ ಮಾಡಲು ಒಂದು ಸಂಸ್ಥೆಯನ್ನು ಸ್ಥಾಪಿಸಿದರು. 1904ರಲ್ಲಿ ಹಾನಗಲ್ಲ ಕುಮಾರಸ್ವಾಮಿಗಳ ಪ್ರೇರಣೆಯಿಂದ ವೀರಶೈವ ಮಹಾಸಭೆಯು ಧಾರವಾಡದಲ್ಲಿ ಸೇರಿತು. 1905ರಲ್ಲಿ ಮೈಸೂರು ಸಂಸ್ಥಾನದಲ್ಲಿಯೂ ಲಿಂಗಾಯತ ವಿದ್ಯಾನಿಧಿಯ ಸಂಘವೊಂದು ಹುಟ್ಟಿತು. 1910ರಲ್ಲಿ ವಿಜಾಪುರದಲ್ಲಿ ಫ.ಗು. ಹಳಕಟ್ಟಿಯವರು, ವಚನಗಳ ತಾಡಓಲೆಗಳನ್ನು ಅರಸುತ್ತಿದ್ದ ಅದೇ ಕೈಗಳಿಂದ, ವಿದ್ಯಾವರ್ಧಕ ಸಂಘವನ್ನು ಕಟ್ಟಿದರು. 1916ರ ನವೆಂಬರಿನಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ತರುಣ ಶಿಕ್ಷಕರು ಕರ್ನಾಟಕ ಲಿಂಗಾಯತ ವಿದ್ಯಾಸಂಸ್ಥೆಯನ್ನು ಆರಂಭಿಸಿ ಜನರ ಬಾಯಲ್ಲಿ ಸಪ್ತರ್ಷಿಗಳೆನಿಸಿದರು.

ಈ ಸಾಲಿನಲ್ಲಿ ಶಿರಸಂಗಿಯ ಲಿಂಗರಾಜ ದೇಸಾಯರ ಹೆಸರನ್ನು ಪ್ರತ್ಯೇಕವಾಗಿ ಹೇಳಬೇಕು. 1861ರಲ್ಲಿ ಜನಿಸಿದ ಅವರು ಆ ಮೊದಲ ಮಹಾಸಭೆಯ ಅಧ್ಯಕ್ಷರಾಗಿದ್ದವರು. ಸಂತಾನವಿಲ್ಲದ ಅವರು ತಮ್ಮ ಸಂಸ್ಥಾನದ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕೆಂದು ಮೃತ್ಯುಪತ್ರ ಬರೆದು 1906ರಲ್ಲಿ ಲಿಂಗೈಕ್ಯರಾದರು. ಆ ಪತ್ರವು ಕೂಡಲೇ ಫಲಿಸಲಿಲ್ಲ. ದಾಯಾದಿಗಳ ವ್ಯಾಜ್ಯವು ನ್ಯಾಯಾಲಯಗಳಲ್ಲಿ ಬಹುಕಾಲ ನಡೆದು, ಕೊನೆಗೆ ನವಲಗುಂದ-ಶಿರಸಂಗಿ ಟ್ರಸ್ಟಿನ ಮೂಲಕ ವಿದ್ಯಾರ್ಥಿವೇತನಗಳು ಹೊರಟುವು. 1933ರಲ್ಲಿ ಬೆಳಗಾವಿಯಲ್ಲಿ ತೆರೆದ ಕಾಲೇಜಿಗೆ ಲಿಂಗರಾಜರ ಹೆಸರನ್ನೇ ಇಟ್ಟರು. ಆಸ್ತಿಯುಳ್ಳವರು ಮಾತ್ರವೇ ಲಿಂಗರಾಜರಾಗಬಲ್ಲರೆಂದು ಹೇಳಿ ನಾವು ಸುಮ್ಮನಾಗುವಂತಿಲ್ಲ. ಅವರ ಕಾಲದಲ್ಲಿ ಅವರಷ್ಟೇ ಆಸ್ತಿಯುಳ್ಳವರು ಇನ್ನೂ ಅನೇಕರಿದ್ದರು.

ನಿಧಿಗಳಿಂದ ಉಪಕಾರವಾಯಿತೆಂಬುದು ನಿರ್ವಿವಾದ. ಆದರೆ ವಿದ್ಯಾರ್ಥಿವೇತನವು ಒಬ್ಬೊಬ್ಬನನ್ನೇ ಆರಿಸುವುದು. ಬಹುಮಟ್ಟಿಗೆ ಮೊದಲ ದರ್ಜೆಯ ಹುಡುಗನನ್ನು ಹುಡುಕುವುದು. ಮನೆಯಲ್ಲಿ ದೀಪವಿಲ್ಲದೆ, ದನ ಕಾದು ಬಂದು ಓದಿದ ಹುಡುಗನು ಮೊದಲ ದರ್ಜೆಯಲ್ಲಿ ಬರುವುದು ಅಪರೂಪ. ಇನ್ನೊಂದು ತೊಡಕೂ ಉಂಟು. ವೇತನದ ಹಣವು ವರ್ಷದ ನಡುವೆಯೋ ಕೊನೆಯಲ್ಲಿಯೋ ಕೈಸೇರುವುದು. ಹಸಿವು ಅಷ್ಟು ದಿನ ಕಾಯುವುದಿಲ್ಲ.

ಆದುದರಿಂದ ಉಚಿತ ವಿದ್ಯಾರ್ಥಿನಿಲಯಗಳ ಹುಟ್ಟನ್ನೇ ನಾನು ಈ ಚರಿತ್ರೆಯ ಮುಖ್ಯ ಘಟ್ಟವೆಂದು ಎಣಿಸುವೆನು. ಬೆಂಗಳೂರಿನಲ್ಲಿ ಈ ಕಾರ್ಯಕ್ಕೆ ಅಡಿಗಲ್ಲಾದವರು ಗುಬ್ಬಿಯ ತೋಟದಪ್ಪನವರು. 1838ರಲ್ಲಿ ಜನಿಸಿ, ಬೆಂಗಳೂರಿನಲ್ಲಿ ವ್ಯಾಪಾರದಿಂದ ಐಶ್ವರ್ಯವನ್ನು ಗಳಿಸಿದ ಅವರು ರೈಲ್ವೆ ನಿಲ್ದಾಣದ ಎದುರಿನಲ್ಲಿ ಛತ್ರವನ್ನು ಕಟ್ಟಿಸಿದರು. 1903ರಲ್ಲಿ ಅದರ ಪ್ರಾರಂಭವಾಯಿತು. ಮಕ್ಕಳಿಲ್ಲದ ತೋಟದಪ್ಪನವರು ತಮ್ಮ ಸಂಪತ್ತನ್ನು ಧರ್ಮಸಂಸ್ಥೆಗೆ ಒಪ್ಪಿಸಿ 1910ರಲ್ಲಿ ಲಿಂಗೈಕ್ಯರಾದರು. ಧರ್ಮಪ್ರವರ್ತ, ರಾವ್ ಬಹದ್ದೂರ್ ಎಂಬ ಬಿರುದುಗಳು ಅವರಿಗೆ ಸಂದುವು. ಆದರೆ ಅವರ ಹೆಸರಿನ ವಿದ್ಯಾರ್ಥಿನಿಲಯದಲ್ಲಿದ್ದುಕೊಂಡು ಓದಿದ ಹಳ್ಳಿಯ ಮಕ್ಕಳ ಪೈಕಿ ಒಬ್ಬರ ಚರಿತ್ರೆಯು ಆ ಬಿರುದುಗಳೆರಡನ್ನೂ ಮೀರಿದ ಫಲವೆಂದು ಹೇಳಬಹುದು. ಅದನ್ನು ಕೊಂಚ ವಿಸ್ತಾರವಾಗಿಯೇ ಹೇಳುವೆನು.

ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ 1907ರ ಏಪ್ರಿಲ್ 1ರಂದು ಹುಟ್ಟಿದ ಶಿವಣ್ಣನೆಂಬ ಬಾಲಕನು ಎಳೆತನದಲ್ಲಿಯೇ ತಾಯಿಯನ್ನು ಕಳೆದುಕೊಂಡು ತುಮಕೂರು ಸೀಮೆಯ ನಾಗವಲ್ಲಿಯಲ್ಲಿ ಅಕ್ಕನ ಆಶ್ರಯದಲ್ಲಿ ಬೆಳೆದನು. ತುಮಕೂರಿನಲ್ಲಿ ಹೈಸ್ಕೂಲು ಓದುವಾಗ ಸಿದ್ಧಗಂಗೆಯ ಮಠವು ಅವನಿಗೆ ಆಸರೆಯಾಯಿತು. ಅಲ್ಲಿ ಶ್ರೀ ಉದ್ಧಾನ ಶಿವಯೋಗಿಗಳು 1917ರಲ್ಲಿ ಸಂಸ್ಕೃತ ಪಾಠಶಾಲೆಯನ್ನು ಸ್ಥಾಪಿಸಿ, ವಿದ್ಯಾರ್ಥಿಗಳಿಗೆ ಪ್ರಸಾದದ ಏರ್ಪಾಡನ್ನೂ ಮಾಡಿದ್ದರು. ಮೆಟ್ರಿಕ್ಯುಲೇಷನ್ ಮುಗಿಸಿದ ಶಿವಣ್ಣನು 1927ರಲ್ಲಿ ಬೆಂಗಳೂರಿಗೆ ಹೋಗಿ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರವನ್ನೂ ಗಣಿತವನ್ನೂ ಅಭ್ಯಾಸಕ್ಕೆ ತೆಗೆದುಕೊಂಡನು. ವಾಸವು ತೋಟದಪ್ಪನವರ ವಿದ್ಯಾರ್ಥಿನಿಲಯದಲ್ಲಿ. ಅಕ್ಕನ ಮನೆ, ಮಠದ ಪಂಕ್ತಿ, ಧರ್ಮದ ನಿಲಯ ಈ ಮೂರು ಆಸರೆಗಳು ಒಂದಾದ ಮೇಲೊಂದು ಕೈಹಿಡಿದುದರಿಂದಲೇ ಹಳ್ಳಿಯ ಆ ಬಾಲಕನು ಕಾಲೇಜನ್ನು ಕಂಡನು. 1930ರ ಮಾರ್ಚ್ 3ರಂದು ಅವರು ಸಿದ್ಧಗಂಗೆಯಲ್ಲಿ ವಿರಕ್ತಾಶ್ರಮವನ್ನು ಸ್ವೀಕರಿಸಿ ಶ್ರೀ ಶಿವಕುಮಾರ ಸ್ವಾಮಿಗಳಾದರು. 1941ರಲ್ಲಿ ಉದ್ಧಾನ ಶಿವಯೋಗಿಗಳು ಲಿಂಗೈಕ್ಯರಾದ ತರುವಾಯ ಮಠದ ಪೂರ್ಣಭಾರವು ಅವರ ಮೇಲೆ ಬಿದ್ದಿತು.

ಆ ಕಾಲದಲ್ಲಿ ಮಠಕ್ಕೆ ಇದ್ದ ಆದಾಯವು ಅತ್ಯಲ್ಪ. ಕಲ್ಲುಬೆಟ್ಟದ ಬುಡದಲ್ಲಿ ಮಳೆಯನ್ನು ನಂಬಿದ ಬೇಸಾಯ. ಸ್ವಾಮಿಗಳು ಜೋಳಿಗೆಯನ್ನು ಹಿಡಿದು ಹಳ್ಳಿಹಳ್ಳಿಗೆ ಭಿಕ್ಷಕ್ಕೆ ಹೊರಟರು. ಒಕ್ಕಣೆಯ ಕಾಲದಲ್ಲಿ ರಾಗಿಯೂ ಕಾಳೂ ಗಾಡಿಗಳಲ್ಲಿ ಬಂದುವು. ಮಕ್ಕಳು ಬೆಳಗಿನ ಜಾವದಲ್ಲಿ ಎದ್ದು ಪ್ರಾರ್ಥನೆ ಮಾಡಿ, ಮಠದ ಕೆಲಸಗಳಲ್ಲಿ ಕೈಗೂಡಿಸಿ, ಮುದ್ದೆಯುಂಡು ಪಾಠಕ್ಕೆ ನಡೆದರು. ಯಾವ ಜಾತಿಯವನೆಂದು ಕೇಳಿ ಎಲೆಯಿಡುವ ಪದ್ಧತಿಯು ಅಲ್ಲಿ ಇಲ್ಲವಾಯಿತು. ಇದು ಸಣ್ಣ ಮಾತಲ್ಲ; ಸಮಾಜಗಳ ಹೆಸರಿನಲ್ಲಿ ಹುಟ್ಟಿದ ನಿಲಯಗಳು ಬಹುಕಾಲ ತಮ್ಮ ತಮ್ಮ ಮಕ್ಕಳಿಗಷ್ಟೇ ಬಾಗಿಲು ತೆರೆದಿದ್ದುವು. ಸ್ವಾಮಿಗಳು 2019ರ ಜನವರಿ 21ರಂದು ಲಿಂಗೈಕ್ಯರಾಗುವ ಹೊತ್ತಿಗೆ ಅಲ್ಲಿ ಉಣ್ಣುವ ಮಕ್ಕಳ ಸಂಖ್ಯೆಯು ಸುಮಾರು 10,000ಕ್ಕೆ ಏರಿತ್ತು.

ಅರ್ಥಶಾಸ್ತ್ರದ ದೃಷ್ಟಿಯಿಂದ ಈ ಏರ್ಪಾಡನ್ನು ವಿಚಾರಿಸಬೇಕು. ನಾಣ್ಯವು ದುರ್ಲಭವಾದ ಹಳ್ಳಿಯಲ್ಲಿ ನೂರು ರೂಪಾಯಿಯ ದಾನವನ್ನು ಕೇಳಿದರೆ ಕೊಡುವವರು ಇಬ್ಬರೋ ಮೂವರೋ. ಕಣದಲ್ಲಿ ಒಂದು ಮೊರ ರಾಗಿಯನ್ನು ಕೇಳಿದರೆ ಇಲ್ಲವೆನ್ನುವವರು ಇಬ್ಬರೋ ಮೂವರೋ. ರೈತನಲ್ಲಿ ಯಾವುದು ಇದೆಯೋ ಅದನ್ನೇ, ಅದು ಇರುವ ತಿಂಗಳಿನಲ್ಲಿಯೇ ಸ್ವೀಕರಿಸಿ, ಇಲ್ಲದ ತಿಂಗಳುಗಳಲ್ಲಿ ಅವನ ಮಗನಿಗೆ ಉಣಬಡಿಸುವ ಈ ಕ್ರಮವು ಸಾಲೋಟಗಿಯ ಮದುವೆಯ ಕಾಣಿಕೆಯ ಕ್ರಮಕ್ಕೆ ಸಹೋದರನೆಂದು ಹೇಳಬಹುದು. ಕೊಡುವವನಿಗೆ ಭಾರವಾಗದೆ ಉಣ್ಣುವವನಿಗೆ ತಪ್ಪದೆ ನಡೆಯುವುದೇ ಅದರ ಗುಟ್ಟು. ಪಾಠಶಾಲೆಯ ಪಂಕ್ತಿಯಲ್ಲಿ ಕುಳಿತು ಉಂಡು ನಾಲ್ಕಕ್ಷರ ಕಲಿತವರಲ್ಲಿ ಈ ಲೇಖಕನೂ ಒಬ್ಬನಾದುದರಿಂದ, ಆ ಮುದ್ದೆಯ ತೂಕವು ನನಗೆ ಪುಸ್ತಕದಿಂದ ತಿಳಿದ ವಿಷಯವಲ್ಲ.

ಸಿದ್ಧಗಂಗೆಯೊಂದೇ ಅಲ್ಲ. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳು ಉಚಿತ ಪ್ರಸಾದನಿಲಯವನ್ನು ನಡೆಸಿದರು. ಚಿತ್ರದುರ್ಗದ ಜಯದೇವ ಜಗದ್ಗುರುಗಳ ಹೆಸರನ್ನು ಹೊತ್ತ ವಿದ್ಯಾರ್ಥಿನಿಲಯಗಳು ದಾವಣಗೆರೆ, ಬೆಂಗಳೂರು ಮೊದಲಾದ ಕಡೆಗಳಲ್ಲಿ ನಿಂತುವು. ಮೈಸೂರಿನಲ್ಲಿ ಸುತ್ತೂರಿನ ಶ್ರೀ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು ಹಳ್ಳಿಯ ಮಕ್ಕಳಿಗೆ ಊಟವಸತಿಗಳನ್ನು ಏರ್ಪಡಿಸಿದ ಬಳಿಕ, 1954ರಲ್ಲಿ ಅಲ್ಲಿಯ ವಿದ್ಯಾಪೀಠವು ಸ್ಥಾಪಿತವಾಯಿತು. ಈ ಅನುಕ್ರಮವನ್ನು ಗಮನಿಸಬೇಕು. ಮೊದಲು ನಿಲಯ, ಆಮೇಲೆ ಕಾಲೇಜು. ಈಚೆಗೆ ಕಾಲೇಜುಗಳನ್ನು ಕಟ್ಟಿ ನಿಲಯಗಳನ್ನು ಮರೆತ ಸಂಸ್ಥೆಗಳನ್ನೂ ಕಾಣುತ್ತಿದ್ದೇವೆ. ಅವುಗಳ ವಿಷಯವನ್ನು ಇಲ್ಲಿ ಬೆಳೆಸುವುದಿಲ್ಲ.

ನಿಲಯದ ಆಸರೆಯಿಲ್ಲದವರ ಪಾಡು ಹೇಗಿತ್ತೆಂಬುದಕ್ಕೆ ನಮ್ಮ ಹಾಸನ ಜಿಲ್ಲೆಯಲ್ಲಿಯೇ ಒಂದು ನಿದರ್ಶನವಿದೆ. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿದ ಕಾದಂಬರಿಕಾರ ಎಸ್.ಎಲ್. ಭೈರಪ್ಪನವರು ಎಳೆಯ ವಯಸ್ಸಿನಲ್ಲಿಯೇ ತಾಯಿಯನ್ನೂ ಒಡಹುಟ್ಟಿದವರನ್ನೂ ಪ್ಲೇಗಿಗೆ ಕಳೆದುಕೊಂಡು, ವಾರಾನ್ನವನ್ನುಂಡು, ಊದುಬತ್ತಿ ಮಾರುವುದು ಮೊದಲಾದ ಚಿಲ್ಲರೆ ಕೆಲಸಗಳನ್ನು ಮಾಡಿ ವಿದ್ಯೆಯನ್ನು ಸಂಪಾದಿಸಿದರು. ಮೈಸೂರಿನಲ್ಲಿ ಎಂ.ಎ. ಪರೀಕ್ಷೆಯಲ್ಲಿ ಚಿನ್ನದ ಪದಕವನ್ನು ಗಳಿಸಿದ ಅವರ ಚರಿತ್ರೆಯು ಭಿತ್ತಿ ಎಂಬ ಅವರ ಆತ್ಮವೃತ್ತಾಂತದಲ್ಲಿದೆ. ಅವರು 2025ರಲ್ಲಿ ನಿಧನರಾದಾಗ ಅನೇಕರು ಆ ಕಷ್ಟದ ಕಥೆಯನ್ನು ಬಡವಿದ್ಯಾರ್ಥಿಗಳಿಗೆ ಮಾದರಿಯೆಂದು ಎತ್ತಿ ಹೇಳಿದರು. ಅಂಥ ಧೈರ್ಯಕ್ಕೆ ಕೈಮುಗಿಯತಕ್ಕದ್ದೇ. ಆದರೆ ಅದೇ ದಾರಿಯಲ್ಲಿ ನಡೆದು, ಅರ್ಧದಲ್ಲಿಯೇ ಬಿದ್ದು, ಹೆಸರಿಲ್ಲದೆ ಹೋದವರ ವೃತ್ತಾಂತವನ್ನು ಯಾರೂ ಬರೆದಿಡಲಿಲ್ಲವೆಂಬುದನ್ನು ಮರೆತು ಮಕ್ಕಳಿಗೆ ಉಪದೇಶ ಮಾಡಬಾರದು.

ಹೆಣ್ಣುಮಕ್ಕಳ ವಿಷಯದಲ್ಲಿ ನಮ್ಮ ನಿಲಯಗಳ ಚರಿತ್ರೆಯು ಹೆಮ್ಮೆಪಡುವಂಥದಲ್ಲ. ಮೈಸೂರಿನಲ್ಲಿ 1881ರಲ್ಲಿಯೇ ಮಹಾರಾಣಿಯವರ ಹೆಸರಿನಲ್ಲಿ ಬಾಲಿಕಾ ಪಾಠಶಾಲೆಯು ಹುಟ್ಟಿ, ಮುಂದೆ ಅದು ಕಾಲೇಜಿನ ಮಟ್ಟಕ್ಕೆ ಬೆಳೆಯಿತು. ಆದರೆ ಮಠಗಳ ಹಳೆಯ ಪಂಕ್ತಿಗಳು ಗಂಡುಮಕ್ಕಳ ಪಂಕ್ತಿಗಳೇ. ಗಂಡುಹುಡುಗನು ಛತ್ರದ ಜಗಲಿಯ ಮೇಲಾದರೂ ಮಲಗಿಯಾನು. ಹೆಣ್ಣುಮಗಳಿಗೆ ಭದ್ರವಾದ ನಿಲಯವಿಲ್ಲದೆ ತಂದೆತಾಯಿಗಳು ಹೊಸಿಲು ದಾಟಿಸಲೊಲ್ಲರು. ಅಕ್ಕಮಹಾದೇವಿಯ ಹೆಸರನ್ನು ದಿನವೂ ಎತ್ತುವ ನಾವು ಈ ಸರಳವಾದ ಸಂಗತಿಯನ್ನು ತಡವಾಗಿ ಅರಿತುಕೊಂಡೆವು.

ಸರ್ಕಾರವು ಈ ಮಾರ್ಗಕ್ಕೆ ಬಂದ ಬಗೆಯನ್ನು ಸಂಕ್ಷೇಪವಾಗಿ ಹೇಳುವೆನು. ನಾಲ್ವಡಿ ಕೃಷ್ಣರಾಜ ಒಡೆಯರವರು 1918ರಲ್ಲಿ ನೇಮಿಸಿದ ಮಿಲ್ಲರ್ ಸಮಿತಿಯು ಮರುವರ್ಷ ವರದಿಯನ್ನೊಪ್ಪಿಸಿದುದರಿಂದ ಹಿಂದುಳಿದ ವರ್ಗಗಳ ವಿದ್ಯಾಭ್ಯಾಸಕ್ಕೆ ಸಂಸ್ಥಾನದಲ್ಲಿ ಪ್ರೋತ್ಸಾಹವು ಹೆಚ್ಚಿತು. 1972ರಲ್ಲಿ ನೇಮಕವಾದ ಹಾವನೂರ ಆಯೋಗವು 1975ರಲ್ಲಿ ವರದಿ ಕೊಟ್ಟಿತು. ಕಾಲಕ್ರಮದಲ್ಲಿ ಹಿಂದುಳಿದ ವರ್ಗಗಳಿಗೂ ಪರಿಶಿಷ್ಟರಿಗೂ ಸರ್ಕಾರದ ವಿದ್ಯಾರ್ಥಿನಿಲಯಗಳು ತಾಲ್ಲೂಕುಗಳಲ್ಲಿ ಹರಡಿದುವು. ಆದರೂ ಅರ್ಜಿ ಹಾಕಿದವರಿಗೆಲ್ಲ ಸ್ಥಳ ಸಾಲಲಿಲ್ಲ. ಹೀಗೆ ಸ್ಥಳ ದೊರೆಯದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗಾಗಿ 2013ರಲ್ಲಿ ವಿದ್ಯಾಸಿರಿ ಎಂಬ ಯೋಜನೆಯು ಹೊರಟಿತು. ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳಿಗೆ 15,000 ರೂಪಾಯಿ. ಅದನ್ನು ಕೊಟ್ಟುದು ಯಾತಕ್ಕೆಂದು ನೋಡಿರಿ: ಶುಲ್ಕಕ್ಕಲ್ಲ, ಊಟಕ್ಕೂ ವಸತಿಗೂ. 945ರಲ್ಲಿ ನಾರಾಯಣನಿಗೆ ತಿಳಿದಿದ್ದುದೇ 2013ರ ಸರ್ಕಾರಕ್ಕೂ ತಿಳಿಯಿತು.

ಇನ್ನು ನಮ್ಮ ಸೀಮೆಯ ಸಂಸಾರಗಳ ವಿಷಯ. ಅರಸೀಕೆರೆ, ತಿಪಟೂರುಗಳ ಕಡೆಯ ರೈತನ ಕೈಗೆ ಹಣವನ್ನು ತರುವುದು ತೆಂಗು. ಆದರೆ ಇಲ್ಲಿಯ ಉಂಡೆಕೊಬ್ಬರಿಯು ಒಂದು ದಿನದ ಸರಕಲ್ಲ. ಬಲಿತ ಕಾಯನ್ನು ಅಟ್ಟದ ಮೇಲೆ ಏರಿಸಿ, ಒಳಗಿನ ನೀರು ಇಂಗಿ ತಿರುಳು ಒಣಗುವವರೆಗೆ ಎಂಟು ಹತ್ತು ತಿಂಗಳುಗಳ ಕಾಲ ಬಿಡಬೇಕು. ರಾಗಿಯ ಒಕ್ಕಣೆಯು ಚಳಿಗಾಲಕ್ಕೆ. ಕಾಲೇಜಿನ ಹಣ ಕಟ್ಟಬೇಕಾದುದು ಮುಂಗಾರಿನಲ್ಲಿ. ಈ ತಿಂಗಳುಗಳ ಹೊಂದಾಣಿಕೆಯಿಲ್ಲದುದರಿಂದಲೇ ಅನೇಕ ಸಂಸಾರಗಳು ಕೆಟ್ಟಿವೆ, ಕೇವಲ ಬಡತನದಿಂದಲ್ಲ. ಆಷಾಢದಲ್ಲಿ ಅವಸರಕ್ಕೆ ಕೈಬಡ್ಡಿಗೆ ಸಾಲ ತಂದು, ಅಟ್ಟದ ಮೇಲಿನ ಕೊಬ್ಬರಿಯನ್ನು ಇನ್ನೂ ಹಸಿಯಿರುವಾಗಲೇ ಸಾಹುಕಾರನಿಗೆ ಮಾತು ಕೊಟ್ಟು, ಬೆಲೆ ಬಂದಾಗ ಕೈಕಟ್ಟಿಕೊಂಡು ಕೂತವರನ್ನು ಈ ಸೀಮೆಯ ಪ್ರತಿಯೊಂದು ಹಳ್ಳಿಯವರೂ ಬಲ್ಲರು. ಕೆಲವರು ಮೊದಲ ವರ್ಷದ ಖರ್ಚಿಗೇ ಜಮೀನನ್ನು ಮಾರಿದರು. ಎರಡನೆಯ ವರ್ಷಕ್ಕೆ ಮಾರಲು ಏನೂ ಉಳಿಯಲಿಲ್ಲ.

ಹಿಂದಿನವರ ಕ್ರಮದಿಂದ ತಿಳಿಯುವುದೇನೆಂದರೆ, ಊಟವಸತಿಯ ಸ್ಥಳವನ್ನು ಮೊದಲು ಗೊತ್ತುಮಾಡಿಕೊಂಡು ಆ ಬಳಿಕ ಕಾಲೇಜನ್ನು ಆರಿಸಬೇಕು. ಈಗಿನವರು ಬಹುಮಟ್ಟಿಗೆ ಕಾಲೇಜನ್ನು ಸೇರಿ, ಆಮೇಲೆ ನಿಲಯಕ್ಕಾಗಿ ಅಲೆಯುವರು. ಹೆಸರಾಂತ ಊರಿನ ಖಾಸಗಿ ಕೊಠಡಿಯ ಬಾಡಿಗೆಯು ಸರ್ಕಾರೀ ಕಾಲೇಜಿನ ಶುಲ್ಕವನ್ನು ಎಷ್ಟೋ ಸಲ ಮೀರುವುದು. ಅದಕ್ಕೆ ಬದಲಾಗಿ ಉಚಿತ ನಿಲಯವೋ ಸರ್ಕಾರೀ ನಿಲಯವೋ ಇರುವ ಊರಿನ ಸಾಧಾರಣ ಕಾಲೇಜು, ನನ್ನ ಮಟ್ಟಿಗೆ, ಸಾಲದ ಮೇಲೆ ನಿಂತ ಹೆಸರುವಾಸಿ ಕಾಲೇಜಿಗಿಂತ ಮೇಲು. ಇದನ್ನು ಒಪ್ಪದ ಪಂಡಿತರೂ ಇದ್ದಾರೆ. ಒಳ್ಳೆಯ ಕಾಲೇಜಿನಿಂದ ಬೇಗ ಉದ್ಯೋಗ ದೊರೆತು ಸಾಲವು ತೀರುವುದೆಂಬುದು ಅವರ ವಾದ. ಉದ್ಯೋಗ ದೊರೆತವರ ಮನೆಯಲ್ಲಿ ಆ ವಾದವು ಸರಿಯಾಗಿರುವುದು.

ಸಾಲವೇ ಅನಿವಾರ್ಯವಾದಲ್ಲಿ ಅದರಲ್ಲಿಯೂ ತಾರತಮ್ಯವಿದೆ. ಬ್ಯಾಂಕುಗಳ ವಿದ್ಯಾಸಾಲದ ಮಾದರಿ ಯೋಜನೆಯು 2001ರಲ್ಲಿ ಹೊರಟಿತು. ಆ ಸಾಲದ ಕಂತು ಆರಂಭವಾಗುವುದು ವ್ಯಾಸಂಗವು ಮುಗಿದು ಒಂದು ವರ್ಷದ ಬಳಿಕ. 2015ರಲ್ಲಿ ಕೇಂದ್ರ ಸರ್ಕಾರದ ಖಾತರಿ ನಿಧಿಯೊಂದು ಏರ್ಪಟ್ಟ ಮೇಲೆ ಏಳೂವರೆ ಲಕ್ಷ ರೂಪಾಯಿಯವರೆಗಿನ ವಿದ್ಯಾಸಾಲಕ್ಕೆ ಜಮೀನನ್ನೋ ಮನೆಯನ್ನೋ ಒತ್ತೆಯಿಡಬೇಕಾಗಿಲ್ಲ. ಕೈಬಡ್ಡಿಯ ಸಾಲವಾದರೋ ಮರುತಿಂಗಳಿನಿಂದಲೇ ಬೆಳೆಯುವುದು, ಒತ್ತೆಯನ್ನೂ ಕೇಳುವುದು. ಬ್ಯಾಂಕಿನವರು ಕಾಗದಪತ್ರಗಳಿಗೆ ಓಡಾಡಿಸುವರೆಂಬ ದೂರು ಸುಳ್ಳಲ್ಲ. ಆ ಓಡಾಟಕ್ಕೆ ತಿಂಗಳುಗಳು ಬೇಕಾಗುವುದರಿಂದ ಅದನ್ನು ಪರೀಕ್ಷೆಯ ಫಲ ಬಂದ ಮೇಲೆ ಆರಂಭಿಸಿದರೆ ಹೊತ್ತು ಮೀರುವುದು. ವರಮಾನದ ದೃಢೀಕರಣ, ಜಾತಿಯ ದೃಢೀಕರಣ, ವಿದ್ಯಾರ್ಥಿಯ ಹೆಸರಿನ ಬ್ಯಾಂಕ್ ಖಾತೆ ಇವು ಮಾಘ ಫಾಲ್ಗುಣಗಳಲ್ಲಿಯೇ, ಎಂದರೆ ರಾಗಿಯು ಮನೆ ಸೇರಿ ರೈತನಿಗೆ ಬಿಡುವಿರುವ ಕಾಲದಲ್ಲಿಯೇ ಸಿದ್ಧವಾಗಿರತಕ್ಕದ್ದು. ಅದೇ ದಿನಗಳಲ್ಲಿ ಮಕ್ಕಳೊಡನೆ ಒಮ್ಮೆ ಆ ಊರಿಗೆ ಹೋಗಿ ನಿಲಯದ ಅಡಿಗೆಮನೆಯನ್ನೂ, ಓದಲು ದೀಪವೆಷ್ಟು ಹೊತ್ತಿನವರೆಗೆ ಉರಿಯುವುದೆಂಬುದನ್ನೂ, ಅರ್ಜಿಯನ್ನು ಯಾವ ತಿಂಗಳಲ್ಲಿ ಕೊಡುವರೆಂಬುದನ್ನೂ ವಿಚಾರಿಸಿಕೊಂಡು ಬಂದ ಸಂಸಾರಗಳಿಗೆ ಆಷಾಢದಲ್ಲಿ ಕೊಬ್ಬರಿಯನ್ನು ಅಟ್ಟದಿಂದ ಇಳಿಸುವ ಪ್ರಸಂಗವು ಬಹುಮಟ್ಟಿಗೆ ಬಂದಿಲ್ಲ.